ನೆಲಮಹಡಿಯವರೂ ಲಿಫ್ಟಿಗೆ ಕೊಡಬೇಕು

ಅಪಾರ್ಟ್‌ಮೆಂಟ್ ಸಂಘಗಳ ‘ಸಿಂಕಿಂಗ್ ಫಂಡ್’, ಅಂದರೆ ದೊಡ್ಡ ರಿಪೇರಿಗಳಿಗೆಂದು ಮೊದಲೇ ಕೂಡಿಡುವ ನಿಧಿ, ಬರೀ ಸುಲಿಗೆ, ಏನಾದರೂ ಕೆಟ್ಟಾಗ ಹಂಚಿಕೊಂಡರಾಯಿತು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಹೇಳುವುದು ಸುಲಭ. ಕೊಳಚೆನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಬ್ಲೋವರ್ ಸುಟ್ಟ ದಿನ ಲೇಖಕರು ಮನೆಮನೆಯ ಬೆಲ್ ಒತ್ತಿ ನೋಡಲಿ. ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ‘ಬಾಡಿಗೆಯವರನ್ನ ಕೇಳಿ’ ಅನ್ನುತ್ತಾರೆ, ಮತ್ತೊಬ್ಬರಿಗೆ ಮೂರು ಕೊಟೇಶನ್ ಬೇಕು. ಅಷ್ಟರಲ್ಲಿ ನಾತ ಮೂರನೇ ಮಹಡಿ ಹತ್ತಿರುತ್ತದೆ.

ನೆಲಮಹಡಿಯವರು ಲಿಫ್ಟಿಗೇಕೆ ದುಡ್ಡು ಕೊಡಬೇಕು ಎಂದೂ ಲೇಖಕರು ಕೇಳಿದ್ದಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ: ‘ನಾನು ಬಳಸುವುದಿಲ್ಲ’ ಎಂದು ಯಾವ ಮಾಲೀಕರೂ ಸಾಮಾನ್ಯ ಖರ್ಚಿನ ಪಾಲಿನಿಂದ ಜಾರಿಕೊಳ್ಳುವಂತಿಲ್ಲ. ಮನೆಗೆ ಬೀಗ ಜಡಿದು ಹೋದವರಿಗೂ ಅದೇ ಮಾತು. ಅಷ್ಟಕ್ಕೂ ಫ್ಲ್ಯಾಟ್ ಮಾರುವಾಗ ಜಾಹೀರಾತಿನಲ್ಲಿ ‘ಲಿಫ್ಟ್ ಇದೆ’ ಎಂದು ನೆಲಮಹಡಿಯವರೂ ಬರೆಸುತ್ತಾರಲ್ಲ!

ಲೇಖಕರ ಒಂದು ದೂರು ಮಾತ್ರ ಒಪ್ಪುವಂಥದು: ಲೆಕ್ಕ ತೋರಿಸದ ಸಂಘಗಳಿವೆ. ನೋಟಿಸ್ ಬೋರ್ಡಿನಲ್ಲಿ ರಂಗೋಲಿ ಸ್ಪರ್ಧೆಯ ಚೀಟಿ ಇರುತ್ತದೆ, ಜನರೇಟರಿನ ಡೀಸೆಲ್ ಬಿಲ್ ಇರುವುದಿಲ್ಲ. ಹಾಗಿದ್ದರೆ ಆಡಿಟ್ ಮಾಡಿಸಿ, ನಿಧಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಸಿ, ಪೇಂಟಿಂಗ್, ವಾಟರ್‌ಪ್ರೂಫಿಂಗ್, ಪಂಪು ಯಾವ ವರ್ಷ ಬರುತ್ತವೆಂದು ಬಜೆಟ್ಟಿನಲ್ಲೇ ಬರೆಸಿ. ಇದನ್ನೆಲ್ಲ ಕೇಳುವ ಜಾಗ ವಾರ್ಷಿಕ ಸರ್ವಸದಸ್ಯರ ಸಭೆ. ಅಲ್ಲಿ ಕೋರಂ ಆಗುವುದೇ ಕಷ್ಟ. ಬಂದವರಲ್ಲೂ ಅರ್ಧ ಜನರ ವಿಷಯ ಪಾರ್ಕಿಂಗ್.