ದೇಶ ಪರಿಚಯ – ಮಾಲ್ದೀವ್ಸ್: ಕಡಲನ್ನೇ ನಂಬಿದ ನಾಡು

"ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ನಾವು ಆಗಾಗ ಹೇಳುತ್ತಿರುತ್ತೇವೆ. ಆದರೆ ಆ ಕವಡೆಯೇ ಹಣವಾಗಿ ಚಲಾವಣೆಯಲ್ಲಿದ್ದ ಕಾಲವೊಂದಿತ್ತು. ಮಾಲ್ದೀವ್ಸ್‌ನ ಕಡಲಿನಿಂದ ಹೆಕ್ಕಿದ ಕವಡೆಗಳು ಹಡಗುಗಳಲ್ಲಿ ಬಂಗಾಳಕ್ಕೆ ಹೋಗುತ್ತಿದ್ದವು. ಬದಲಿಗೆ ಅಲ್ಲಿಂದ ಅಕ್ಕಿ ಬರುತ್ತಿತ್ತು. ಇಂದು ಕವಡೆಯ ಜಾಗದಲ್ಲಿ ಪ್ರವಾಸಿಗರು ತರುವ ಡಾಲರ್ ಇದೆ. ಅಕ್ಕಿ ಮಾತ್ರ ಈಗಲೂ ಹೊರಗಿನಿಂದಲೇ ಬರಬೇಕು.

ಹಿಂದೂ ಮಹಾಸಾಗರದಲ್ಲಿ ಮಣಿಮಾಲೆಯಂತೆ ಹರಡಿರುವ 1,192 ಹವಳದ ದ್ವೀಪಗಳ ದೇಶವಿದು. ಅವುಗಳಲ್ಲಿ ಸ್ಥಳೀಯರು ವಾಸಿಸುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಒಟ್ಟು ನೆಲ ಸುಮಾರು 300 ಚದರ ಕಿಲೋಮೀಟರ್ ಮಾತ್ರ. ಜನಸಂಖ್ಯೆ ಐದು ಲಕ್ಷದ ಆಸುಪಾಸು. ರಾಜಧಾನಿ ಮಾಲೆ. ನಾಣ್ಯ ರುಫಿಯಾ. ಇಲ್ಲಿನ ದಿವೇಹಿ ಭಾಷೆಯನ್ನೇ ನಮ್ಮ ಲಕ್ಷದ್ವೀಪದ ಮಿನಿಕಾಯ್ ದ್ವೀಪದ ಜನರೂ ಆಡುತ್ತಾರೆ.

ರಾಣಿಯ ಆಳ್ವಿಕೆ

ಮಾಲ್ದೀವ್ಸ್ ಇಸ್ಲಾಮ್ ಸ್ವೀಕರಿಸಿದ್ದು ಕ್ರಿ.ಶ. 1153ರಲ್ಲಿ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರಸಿದ್ಧ ಪ್ರವಾಸಿ ಇಬ್ನು ಬತೂತ ಕೆಲಕಾಲ ಖಾಝಿಯಾಗಿಯೂ ಕೆಲಸ ಮಾಡಿದರು. ಆಗ ಸಿಂಹಾಸನದಲ್ಲಿದ್ದವರು ಸುಲ್ತಾನಾ ಖದೀಜಾ. ಮಹಿಳೆಯೊಬ್ಬರು ಆಳುತ್ತಿರುವುದನ್ನು ಕಂಡು ಅಚ್ಚರಿಪಟ್ಟ ಇಬ್ನು ಬತೂತ ಅದನ್ನು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ದ್ವೀಪದ ಹೆಂಗಸರು ತೆಂಗಿನ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಹಡಗಿನ ಹಲಗೆಗಳನ್ನು ಹೊಲಿಯಲು ಆ ಹಗ್ಗ ದೂರದ ಯಮನಿಗೂ ಹೋಗುತ್ತಿತ್ತೆಂದು ಅವರು ಬರೆದಿದ್ದಾರೆ.

ಹಗ್ಗದಂತೆಯೇ ಮೀನಿನಲ್ಲೂ ಹೆಂಗಸರ ಪಾಲಿತ್ತು. ಗಂಡಸರು ಗಾಳದಿಂದ ಒಂದೊಂದಾಗಿ ಟ್ಯೂನಾ ಹಿಡಿದು ತರುತ್ತಿದ್ದರು. ಅದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡುವುದು ಮನೆಯೊಳಗಿನ ಕೆಲಸ. ಈ ಒಣಮೀನಿಗೆ ಶ್ರೀಲಂಕಾದಲ್ಲಿ ಒಳ್ಳೆಯ ಬೇಡಿಕೆಯಿತ್ತು. 1970ರ ದಶಕದಲ್ಲಿ ಆ ಮಾರುಕಟ್ಟೆ ಕುಸಿಯಿತು. ಕಂಪೆನಿಯ ಹಡಗುಗಳು ಕಡಲಿನಲ್ಲೇ ಹಸಿಮೀನು ಕೊಳ್ಳತೊಡಗಿದವು. ಮೀನು ದಡಕ್ಕೆ ಬರುವುದು ಕಡಿಮೆಯಾದಂತೆ ಅನೇಕ ಹೆಂಗಸರ ಕೈಯಿಂದ ಸಂಪಾದನೆ ಜಾರಿಹೋಯಿತು.

ಡಾಲರ್ ತಂದ ಮರಳು

ಅದೇ ದಶಕದ ಆರಂಭದಲ್ಲಿ, 1972ರಲ್ಲಿ, ಇಲ್ಲಿನ ಮೊದಲ ರಿಸಾರ್ಟ್ ಕುರುಂಬಾ ತೆರೆಯಿತು. 'ಒಂದು ದ್ವೀಪ, ಒಂದು ರಿಸಾರ್ಟ್' ಎಂಬುದು ಸರಕಾರದ ನೀತಿಯಾಯಿತು. ಮದ್ಯಪಾನ ರಿಸಾರ್ಟ್ ದ್ವೀಪಗಳಲ್ಲಿ ಮಾತ್ರ, ಜನವಸತಿಯ ದ್ವೀಪಗಳಲ್ಲಿ ನಿಷಿದ್ಧ. ಹೀಗೆ ಹಣ ದೇಶದೊಳಕ್ಕೆ ಬಂದರೂ ಬಂದವರು ಊರಿನೊಳಕ್ಕೆ ಬರಲಿಲ್ಲ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಭೇಟಿಯಿತ್ತರು. ಅಂದರೆ ಜನಸಂಖ್ಯೆಯ ನಾಲ್ಕು ಪಟ್ಟು!

ಇದರಿಂದ ಶಾಲೆ, ಆಸ್ಪತ್ರೆಗಳು ಬಂದವು. ಸಾಕ್ಷರತೆ ಬಹುಮಟ್ಟಿಗೆ ಪೂರ್ಣವಾಯಿತು. ಆದರೆ ರಿಸಾರ್ಟ್‌ನಲ್ಲಿ ದುಡಿಯಬೇಕಾದರೆ ಮನೆ ಬಿಟ್ಟು ಬೇರೊಂದು ದ್ವೀಪದಲ್ಲಿ ವಾಸಿಸಬೇಕು. ಮಕ್ಕಳ ತಾಯಂದಿರಿಗೆ ಇದು ಸಾಧ್ಯವಾಗುವುದು ಹೇಗೆ? ಮಗಳನ್ನು ಕಳುಹಿಸಲು ಹೆತ್ತವರೂ ಹಿಂಜರಿಯುತ್ತಾರೆ. ಹೀಗಾಗಿ ದೇಶದ ಅತಿ ದೊಡ್ಡ ಉದ್ಯಮದಲ್ಲಿ ಆ ದೇಶದ ಮಹಿಳೆಯರು ತೀರಾ ಕಡಿಮೆ. ಕೆಲಸಕ್ಕೆ ಹೊರದೇಶದವರು ಬರುತ್ತಾರೆ.

2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅವಕಾಶ ದೊರೆಯಿತು. ಮಾಫುಶಿಯಂತಹ ಮೀನುಗಾರರ ದ್ವೀಪಗಳು ಇಂದು ಪ್ರವಾಸಿಗರಿಂದ ತುಂಬಿವೆ. ಇಲ್ಲಿ ಮನೆಯ ಪಕ್ಕದಲ್ಲೇ ದುಡಿಯಬಹುದು. ಅಡುಗೆ ಮಾಡಿ ಬಡಿಸಿದರೂ ನಾಲ್ಕು ಕಾಸು ಕೈಸೇರುತ್ತದೆ. ಕುಟುಂಬ ಸಮೇತ ಹೋಗುವವರಿಗೂ ಇದು ಅನುಕೂಲ. ಹತ್ತಿರದಲ್ಲೇ ಮಸೀದಿ, ಹಲಾಲ್ ಆಹಾರ, ಮದ್ಯವಿಲ್ಲದ ಬೀದಿ. ವಿದೇಶಿ ಉಡುಪಿನವರಿಗೆ ಪ್ರತ್ಯೇಕ ಕಡಲತೀರವನ್ನೇ ಗೊತ್ತುಮಾಡಿರುತ್ತಾರೆ. ಖರ್ಚೂ ರಿಸಾರ್ಟ್‌ಗಿಂತ ಎಷ್ಟೋ ಕಡಿಮೆ.

ನೋಡಬೇಕಾದವು

ಮಾಲೆಯ ಹುಕುರು ಮಿಸ್ಕಿಯ್ ಎಂಬ ಜುಮಾ ಮಸೀದಿ 17ನೇ ಶತಮಾನದ್ದು. ಹವಳದ ಕಲ್ಲುಗಳನ್ನು ಕೊರೆದು, ಒಂದಕ್ಕೊಂದು ಹೊಂದಿಸಿ ಕಟ್ಟಿದ ಗೋಡೆಗಳು, ಒಳಗೆ ಮರದ ಕುಸುರಿ ಕೆಲಸ. 1984ರಲ್ಲಿ ನಿರ್ಮಾಣವಾದ ಚಿನ್ನದ ಬಣ್ಣದ ಗುಂಬಝ್‌ನ ದೊಡ್ಡ ಮಸೀದಿಯಲ್ಲಿ ಸಾವಿರಾರು ಮಂದಿ ಏಕಕಾಲಕ್ಕೆ ನಮಾಝ್ ನಿರ್ವಹಿಸಬಹುದು. ನಸುನೀಲಿ ಕಡಲು, ಹವಳದ ನಡುವಿನ ಬಣ್ಣದ ಮೀನುಗಳು ಅಲ್ಲಾಹನ ಸೃಷ್ಟಿಯ ವೈಭವಕ್ಕೆ ಸಾಕ್ಷಿ.

ಒಂದೇ ಕಂಬದ ಮನೆ

2004ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯು ಮಾಲ್ದೀವ್ಸನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಕೈಬಿಡಲು ತೀರ್ಮಾನಿಸಿತು. ಆರನೆಯ ದಿನ ಸುನಾಮಿ ಅಪ್ಪಳಿಸಿತು! ನೂರರಷ್ಟು ಜನ ಸತ್ತರು ಅಥವಾ ಕಾಣೆಯಾದರು. ದೇಶದ ವಾರ್ಷಿಕ ಉತ್ಪನ್ನದ ಅರ್ಧಕ್ಕಿಂತಲೂ ಹೆಚ್ಚು ನಷ್ಟವಾಯಿತು. ಪಟ್ಟಿಯಿಂದ ಹೊರಬರಲು 2011ರ ತನಕ ಕಾಯಬೇಕಾಯಿತು. 2020ರಲ್ಲಿ ಕೊರೋನದಿಂದಾಗಿ ಮಾರ್ಚ್ ಕೊನೆಯಿಂದ ಜುಲೈ ಮಧ್ಯದ ತನಕ ಗಡಿ ಮುಚ್ಚಿದಾಗ ಆದಾಯವೇ ನಿಂತಿತು. 2024ರಲ್ಲಿ ಸಾಲದ ಹೊರೆಯಿಂದ ಡಾಲರ್ ಸಾಲದೆ ಭಾರತದ ನೆರವು ಪಡೆಯಬೇಕಾಯಿತು.

ಇದೆಲ್ಲಕ್ಕಿಂತ ದೊಡ್ಡ ಆತಂಕ ಕಡಲಿನದ್ದೇ. ಹೆಚ್ಚಿನ ದ್ವೀಪಗಳು ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲ. ಕಡಲು ಉಕ್ಕಿದರೆ ಬಾವಿಯ ನೀರು ಉಪ್ಪಾಗುತ್ತದೆ. ಭೂಮಿಯನ್ನು ಬಿಸಿ ಮಾಡಿದ ಹೊಗೆಯಲ್ಲಿ ಈ ಪುಟ್ಟ ದೇಶದ ಪಾಲು ಅತ್ಯಲ್ಪ. ಶಿಕ್ಷೆ ಮಾತ್ರ ಅದಕ್ಕೇ ಮೊದಲು.

ಮಾಲ್ದೀವ್ಸ್‌ನ ಚಿತ್ರಗಳಲ್ಲಿ ನಮಗೆ ಕಾಣುವುದು ಬಿಳಿ ಮರಳು, ನೀಲಿ ನೀರು. ಆ ಮರಳನ್ನು ಮುಂಜಾನೆ ಗುಡಿಸುವ, ಉಪ್ಪಾದ ಬಾವಿಯ ಮುಂದೆ ಕೊಡ ಹಿಡಿದು ನಿಲ್ಲುವ ಸಹೋದರಿಯರು ಚಿತ್ರದಲ್ಲಿರುವುದಿಲ್ಲ. ಒಂದು ದೇಶದ ಪ್ರಗತಿಯನ್ನು ಬಂದು ಹೋಗುವ ಅತಿಥಿಗಳ ಲೆಕ್ಕದಿಂದ ಅಳೆದರೆ ಸಾಲದು. ಆ ಅತಿಥಿ ಕೊಟ್ಟ ಹಣ ಯಾರ ಮನೆಯ ಒಲೆ ಉರಿಸಿತು ಎಂಬುದನ್ನೂ ಕೇಳಬೇಕು.