ಸಿಪಾಯಿಯ ಪರದೇಶ, ಸೋಲ್ಜರನ ತವರು

ಇಂಗ್ಲಿಷಿಗೆ ಭಾರತ ‘ಕೊಟ್ಟ’ ಪದಗಳ ಪಟ್ಟಿ ಕಂಡರೆ ಓದುವವರಿಗೆ ಹಿಗ್ಗು. ಶಾಂಪೂ, ಬಂಗಲೆ, ಪೈಜಾಮ, ಲೂಟಿ ಎಂದು ಬೆರಳೆಣಿಸಿ, ರಸಪ್ರಶ್ನೆಯಲ್ಲಿ ಒಂದು ಅಂಕ ಪಡೆದರೆ ಅಲ್ಲಿಗೆ ಮುಗಿಯಿತು. ಆದರೆ ಎಲ್ಲ ಪದಗಳೂ ಕೊಡುಗೆಯಾಗಿ ಹೋದವಲ್ಲ.

ದೆಹಲಿಯ ತೀನ್ ಮೂರ್ತಿ ಚೌಕವನ್ನೇ ನೋಡಿ. 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಸೈನಿಕರನ್ನು ನೆನೆಯುತ್ತವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಸವಾರರೂ ಇದ್ದರು.

ಆ ಮಹಾಯುದ್ಧ ಇಂಗ್ಲಿಷಿನಲ್ಲಿ ಮನೆಮಾತಾಗಿಸಿದ ಪದ ‘ಬ್ಲೈಟಿ’. ಅರಬ್ಬಿಯ ‘ವಿಲಾಯತ್’ ಎಂದರೆ ಆಡಳಿತಕ್ಕೊಳಪಟ್ಟ ಪ್ರಾಂತ್ಯ. ಹಿಂದೂಸ್ತಾನಿಯಲ್ಲಿ ‘ವಿಲಾಯತಿ’ ಪರದೇಶದ್ದಾಯಿತು, ಬರಬರುತ್ತ ಇಂಗ್ಲೆಂಡಿನದಾಯಿತು. ಗಡಿ, ನಾಡು ಎಂಬ ಅರ್ಥದ ನಮ್ಮ ‘ಸೀಮೆ’ಯೂ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುವಿನಲ್ಲಿ ಹೊರನಾಡಿನದನ್ನೇ ಹೇಳುತ್ತದೆ. ಉತ್ತರದವರ ಬಾಯಲ್ಲಿ ವಕಾರ ಬಕಾರವಾಗಿ ‘ಬಿಲಾಯತಿ’. ಅದನ್ನು ಕೇಳಿಸಿಕೊಂಡ ಬಿಳಿ ಸೋಲ್ಜರನ ಬಾಯಲ್ಲಿ ‘ಬ್ಲೈಟಿ’. ಸಿಪಾಯಿಗೆ ಪರದೇಶವಾಗಿದ್ದದ್ದು ಸೋಲ್ಜರನಿಗೆ ತವರಾಯಿತು.

ಫ್ರಾನ್ಸಿನ ಕಂದಕಗಳಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಬಂತು. ಜೀವ ತೆಗೆಯದೆ, ಊರಿಗೆ ಕಳಿಸುವಷ್ಟು ದೊಡ್ಡ ಗಾಯವೇ ‘ಬ್ಲೈಟಿ’. ಅಂಥ ಗಾಯವಾಗಲಿ ಎಂದು ಹಂಬಲಿಸಿದವರೂ ಇದ್ದರು. ಅದೇ ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನೂ ಹಡಗಿನಲ್ಲಿ ವಿಲಾಯತಿಗೆ ಒಯ್ದು, ಬ್ರೈಟನ್ನಿನ ಅರಮನೆಯ ಆಸ್ಪತ್ರೆಯಲ್ಲಿ ಮಲಗಿಸಿದರು. ವಾಸಿಯಾದ ಅನೇಕರನ್ನು ಮತ್ತೆ ರಣರಂಗಕ್ಕೇ ಕಳಿಸಿದರು. ಗಾಯವಾದರೂ ಊರು ಸಿಗಲಿಲ್ಲವೆಂಬ ಅಳಲು, ಸೇನೆಯ ಸೆನ್ಸಾರಿನ ಕೈಹಾಯ್ದ ಅವರ ಪತ್ರಗಳಲ್ಲಿದೆ. ಅವರ ನುಡಿಯ ಪದ ಬೇರೆಯವರ ತವರಿನ ಹೆಸರಾಗಿತ್ತು. ಅವರ ತವರು ಸಮುದ್ರದಾಚೆಯೇ ಉಳಿಯಿತು.

ಹಾಗಾಗಿ ‘ಬ್ಲೈಟಿ’ಯ ಮುಂದೆ ‘ಹಿಂದೂಸ್ತಾನಿ ಮೂಲ’ ಎಂದು ಬರೆದು ಕೈತೊಳೆದುಕೊಂಡರೆ ಸಾಲದು. ಯಾರೂ ಅದನ್ನು ಯಾರಿಗೂ ಉಡುಗೊರೆ ಕೊಟ್ಟಿರಲಿಲ್ಲ. ಆಳುವವರೂ ಆಳಿಸಿಕೊಂಡವರೂ ಒಂದೇ ಸೇನೆಯಲ್ಲಿದ್ದಾಗ, ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಿಕೊಂಡಿತು, ಅಷ್ಟೆ.

ದೆಹಲಿ ಪ್ರವಾಸಕ್ಕೆ ಬರುವ ಶಾಲಾ ಮಕ್ಕಳನ್ನು ಇಂಡಿಯಾ ಗೇಟ್ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅದರ ಕಲ್ಲಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಮೇಷ್ಟರು ಅಲ್ಲಿ ಐದು ನಿಮಿಷ ನಿಂತು ಈ ಒಂದು ಪದದ ಕತೆ ಹೇಳಲಿ. ಭಾಷಾಪಾಠವೂ ಆದೀತು, ಚರಿತ್ರೆಯ ಪಾಠವೂ ಆದೀತು.