ಹೊಲದ ಒಡೆತನ, ಜನದ ಒಡೆತನ

ಬಾಳೆಹೊನ್ನೂರಿನ ಆಸುಪಾಸಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ‘ಒಡೇರು’, ಅಂದರೆ ಒಡೆಯರು, ಎಂದರೆ ಸಾಕಿತ್ತು, ಹೆಸರು ಹೇಳುವ ಅಗತ್ಯ ಇರಲಿಲ್ಲ. ಮೈಸೂರಿನ ಅರಸರಿಗೆ, ವೀರಶೈವ ಜಂಗಮರಿಗೆ ಸಲ್ಲುತ್ತಿದ್ದ ಮರ್ಯಾದೆಯ ಮಾತೇ ಮಲೆನಾಡಿನ ಜಮೀನ್ದಾರರಿಗೂ ಸಂದಿತ್ತು. ಗೇಣಿ ಮಾಡುವ ಒಕ್ಕಲಿಗೆ ಅವರು ಗದ್ದೆಗಷ್ಟೇ ಒಡೆಯರಲ್ಲ. ಸಾಲ, ಮದುವೆ, ನ್ಯಾಯ ಪಂಚಾಯ್ತಿಕೆ ಎಲ್ಲಕ್ಕೂ ಒಡೆಯರೇ.

ಈ ಪದದ ದಿಕ್ಕು ತಿರುಗಿದ್ದು ಹೋರಾಟದಿಂದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ಲೆಕ್ಕ ಕೇಳಿ ಹೋರಾಟಕ್ಕಿಳಿದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಗೆ ಕಾನೂನಿನ ಬಲ ಕೊಟ್ಟಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನಾಗಿದ್ದವನ ಹೆಸರು 9ನೇ ಕಾಲಂಗೆ, ಅಂದರೆ ಹಕ್ಕುದಾರನ ಜಾಗಕ್ಕೆ ಬಂತು. ಒಡೆತನ ಜನರ ಮೇಲಿಂದ ಇಳಿದು ಮಣ್ಣಿಗೆ ಸೀಮಿತವಾಯಿತು. ಐವತ್ತು ವರ್ಷಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಗಳಿಕೆ ಇಲ್ಲ.

ಆದರೆ ಕಾಫಿ, ಏಲಕ್ಕಿ, ಮೆಣಸಿನ ತೋಟಗಳನ್ನು ಆ ಕಾಯ್ದೆ ಹೊರಗಿಟ್ಟಿತು. 1925ರಲ್ಲೇ ಕಾಫಿ ಸಂಶೋಧನಾ ಕೇಂದ್ರ ತಲೆಯೆತ್ತಿದ ಬಾಳೆಹೊನ್ನೂರು ಸೀಮೆಗೆ ಆ ವಿನಾಯಿತಿ ಸಣ್ಣ ಮಾತಲ್ಲ. ಗದ್ದೆಯ ಒಕ್ಕಲು ಹಕ್ಕುದಾರನಾದ. ತೋಟದ ಆಳು ಮಾಲೀಕರು ಕೊಟ್ಟ ಲೈನ್ ಮನೆಯಲ್ಲೇ ಉಳಿದ. ಕೆಲಸ ಹೋದರೆ ಆ ಮನೆಯೂ ಹೋಗುತ್ತದೆ. ತಲೆಯ ಮೇಲಿನ ಸೂರು ಇನ್ನೊಬ್ಬರ ಮರ್ಜಿಯಲ್ಲಿರುವಷ್ಟು ದಿನ ಸಾಹುಕಾರರೆಂದು ಕರೆದರೂ ಧಣಿ ಎಂದರೂ ಅರ್ಥ ಹಳೆಯದೇ.

ಗಂಡಸಿನ ಸರಿಸಮಕ್ಕೆ ನಾಟಿ, ಕೊಯ್ಲು ಮಾಡಿದ ಹೆಂಗಸಿನ ಹೆಸರು 9ನೇ ಕಾಲಂಗೆ ಬಂದದ್ದೂ ವಿರಳ. ಇನ್ನು ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ದಾರಿ ಮಾಡಿತು. ‘ಹೊಲದೊಡೆಯ’ ಉಳಿದ, ‘ಉಳುವವನೇ’ ಎಂಬ ಷರತ್ತು ಸಡಿಲವಾಯಿತು.

ಮುಂದಿನ ದಾರಿ ಸ್ಪಷ್ಟ. ತೋಟ ಕಾರ್ಮಿಕರಿಗೆ ಅವರದೇ ಹೆಸರಿನ ನಿವೇಶನ, ಹಕ್ಕುಪತ್ರ ಸಿಗಲಿ. ಪಹಣಿಯಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಸೇರಲಿ. ಮಣ್ಣಿಗೆ ಒಡೆಯರು ಇರಲಿ, ಮನುಷ್ಯರಿಗೆ ಬೇಡ.